ಪುಸ್ತಕಕ್ಕೆ ಚಿತ್ರ ಬರೆಯುವವರು ನಾಟಕದ ಸೆಟ್ ಮಾಡಲು ಯಾವ ಸಾಫ್ಟ್‌ವೇರ್ ಕಲಿಯಬೇಕು?

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೀರಿ, ಈಗ ಮೊದಲ ಸಲ ನಾಟಕದ ಸೆಟ್ ಬಂದಿದೆ, ಯಾವ ಸಾಫ್ಟ್‌ವೇರ್ ಕಲಿಯಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ನಾನೂ ಪುಟದಿಂದಲೇ ರಂಗಕ್ಕೆ ಹೋದವಳು. ನನ್ನನ್ನು ಮುಳುಗಿಸಿದ್ದು ಸಾಫ್ಟ್‌ವೇರ್ ಅಲ್ಲ, ಪ್ರೇಕ್ಷಕರ ನಡುವಿನ ಒಂದು ಕುರ್ಚಿ.

ಪುಟವನ್ನು ಓದುಗರು ಕಣ್ಣಿಗೆ ನೇರವಾಗಿ ಹಿಡಿದುಕೊಳ್ಳುತ್ತಾರೆ. ರಂಗಮಂದಿರದಲ್ಲಿ ಆ ಭಾಗ್ಯ ನಡುವಿನ ಕೆಲವು ಸೀಟುಗಳಿಗೆ ಮಾತ್ರ. ನಾನು ಬರೆದದ್ದು 9 ಮೀಟರ್ ಅಗಲದ ಹಿನ್ನೆಲೆ ಪರದೆ: ದೂರಕ್ಕೆ ಕಿರಿದಾಗುತ್ತ ಹೋಗುವ ಬೀದಿ, ಎರಡೂ ಕಡೆ ಮನೆ. ಅದೇ ಸಾಲನ್ನು ಮುಂದಕ್ಕೆ ತರಲು ಇಕ್ಕೆಲದಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಹೊಡೆದು ನಿಲ್ಲಿಸುವ ಗೋಡೆಗಳು, ಅಂದರೆ ಫ್ಲ್ಯಾಟ್‌ಗಳು. ನಡುವಿನ ಕುರ್ಚಿಯಿಂದ ಫ್ಲ್ಯಾಟಿನ ಸೂರು ಪರದೆಯ ಸೂರಿಗೆ ಸರಿಯಾಗಿ ಕೂಡುತ್ತಿತ್ತು. ಆದರೆ ಎರಡೂ ಬೇರೆ ಬೇರೆ ಆಳದಲ್ಲಿವೆಯಲ್ಲ, ಪಕ್ಕಕ್ಕೆ ಸರಿದಷ್ಟೂ ಆ ಗೆರೆ ಮುರಿಯುತ್ತದೆ. ತುದಿಯ ಸೀಟಿನಿಂದ ಬೀದಿಯೇ ಸೊಟ್ಟ. ಸಾಲದ್ದಕ್ಕೆ ಫ್ಲ್ಯಾಟಿನ ಸಂದಿಯಲ್ಲಿ ಸರದಿಗೆ ಕಾಯುತ್ತಿದ್ದ ನಟರ ದರ್ಶನ.

ಅದೇ ತಪ್ಪಿನ ಇನ್ನೊಂದು ಮುಖ ನಟರ ಎತ್ತರ. ಬೀದಿಯ ತುದಿಯ ಬಾಗಿಲು ಪರದೆಯ ಮೇಲೆ 90 ಸೆಂ.ಮೀ. ಇತ್ತು. 170 ಸೆಂ.ಮೀ. ನಟ ಅದರ ಪಕ್ಕ ನಿಂತ ಕೂಡಲೇ ಮನೆ ಗೊಂಬೆಮನೆಯಾಯಿತು. ಇದೇನು ಹೊಸ ಸಮಸ್ಯೆಯಲ್ಲ. ಇಟಲಿಯ ವಿಚೆಂಜಾದಲ್ಲಿ 1585ರಲ್ಲಿ ತೆರೆದ ತೆಯಾತ್ರೊ ಒಲಿಂಪಿಕೊ ರಂಗಮಂದಿರದಲ್ಲಿ ವಾಸ್ತುಶಿಲ್ಪಿ ಸ್ಕಮೋಜಿ ರಂಗದ ಮೇಲೆ ಕಟ್ಟಿಸಿದ ಬೀದಿಗಳು ಹೀಗೇ ಹಿಂದಕ್ಕೆ ಕುಗ್ಗುತ್ತವೆ. ಅವುಗಳ ತುದಿಯಲ್ಲಿ ದೊಡ್ಡವರು ನಿಂತರೆ ಮೋಸ ಬಯಲು. ಕೊನೆಗೆ ನಾನು ಪರದೆಯ ಮುಂದೆ ಒಂದೂವರೆ ಮೀಟರ್ ಬಿಟ್ಟು ಗಿಡ್ಡ ಗೋಡೆ ಕಟ್ಟಿಸಿ ನಟರನ್ನು ದೂರವಿಟ್ಟೆ. ರಂಗದ ಆಳವೇ 6 ಮೀಟರ್. ಕಾಲು ಭಾಗ ಹೋಯಿತು. ನಿರ್ದೇಶಕರ ಮುಖ ಹೇಗಿತ್ತು ಅಂತ ಕೇಳಬೇಡಿ.

ಆದ್ದರಿಂದ ಚಿತ್ರ ಆಮೇಲೆ. ಮೊದಲು ಸೀಟುಗಳೂ ಇರುವ ಗ್ರೌಂಡ್ ಪ್ಲಾನ್ (ಮೇಲಿನಿಂದ ನೋಡಿದ ನಕ್ಷೆ), ಜೊತೆಗೆ ರಂಗಮಂದಿರವನ್ನು ನಡುವೆ ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದ ನಕ್ಷೆ ಕೇಳಿ. ಮೊದಲ ಸಾಲಿನ ಎರಡು ತುದಿ ಸೀಟುಗಳಿಂದ ರಂಗದ ಚೌಕಟ್ಟಿನ ಅಂಚು ಮುಟ್ಟಿಸಿ ಹಿಂದಕ್ಕೆ ಗೆರೆ ಎಳೆಯಿರಿ. ಆ ಗೆರೆ ಎಲ್ಲೂ ತಡೆಯಿಲ್ಲದೆ ಒಳಗೆ ಹೋದರೆ ಅಲ್ಲೊಂದು ವಿಂಗ್, ಅಂದರೆ ಪಕ್ಕವನ್ನು ಮರೆಮಾಡುವ ಪರದೆ ಬೇಕು. ಬಾಲ್ಕನಿಯಿದ್ದರೆ ಅದರ ಹಿಂದಿನ ಸಾಲಿನಿಂದಲೂ ಪರೀಕ್ಷಿಸಿ. ಮೇಲಿನ ಜಾಲರಿ (ರಂಗದ ಮೇಲ್ಭಾಗಕ್ಕೆ ಅಡ್ಡಲಾಗಿ ಇಳಿಬಿಟ್ಟ ಗಿಡ್ಡ ಬಟ್ಟೆ) ಹಿನ್ನೆಲೆ ಪರದೆಯ ತಲೆ ನುಂಗಿಬಿಡಬಹುದು.

ನಂತರ 1:25 ಅಳತೆಯ ರಟ್ಟಿನ ಮಾಡೆಲ್. 1 ಮೀಟರ್ ಅಂದರೆ 40 ಮಿ.ಮೀ., ನಟ 68 ಮಿ.ಮೀ. ಆ ಎತ್ತರದ ನಾಲ್ಕೈದು ಗೊಂಬೆ ಕತ್ತರಿಸಿ ಪ್ರತಿ ದೃಶ್ಯದಲ್ಲೂ ನಡೆಸಿ. ಕೂತವರ ಕಣ್ಣು ಸೀಟಿನ ಕೆಳಗಿನ ನೆಲದಿಂದ ಸುಮಾರು 1.2 ಮೀಟರ್, ಅಂದರೆ ಮಾಡೆಲ್‌ನಲ್ಲಿ 48 ಮಿ.ಮೀ.; ಫೋನಿನ ಕ್ಯಾಮೆರಾವನ್ನು ತುದಿ ಸೀಟಿನ ಜಾಗದಲ್ಲಿ ಆ ಎತ್ತರಕ್ಕೆ ಹಿಡಿದು ಫೋಟೊ ತೆಗೆಯಿರಿ. ನಾನು ಇಷ್ಟು ಮಾಡಿದ್ದರೆ ಸಾಕಿತ್ತು.

ಚಿತ್ರ ದೊಡ್ಡದು ಮಾಡುವುದು ಸುಲಭದ ಭಾಗ. ಮೂಲದ ಮೇಲೆ 2 ಸೆಂ.ಮೀ. ಚೌಕ, ಬಟ್ಟೆಯ ಮೇಲೆ ಸೀಮೆಸುಣ್ಣದ ದಾರ ಚಿಮ್ಮಿ 50 ಸೆಂ.ಮೀ. ಚೌಕ. ಕೋರಾ ಬಟ್ಟೆ ಪ್ರೈಮರ್ ಬಿದ್ದೊಡನೆ ಕುಗ್ಗುತ್ತದೆ, ಹಾಗಾಗಿ ಫ್ರೇಮಿಗೆ ಬಿಗಿಯಾಗಿ ಹೊಡೆಯಬೇಡಿ, ಚೂರು ಸಡಿಲ ಬಿಡಿ. ಇಲ್ಲವಾದರೆ ಮರದ ಪಟ್ಟಿಯೇ ಬಾಗುತ್ತದೆ.

ನಿಮ್ಮ ಇಂಕಿನ ನಾಜೂಕು ಗೆರೆಗಳನ್ನು ಮರೆತುಬಿಡಿ. 20 ಮೀಟರ್ ದೂರದಿಂದ ಸುಮಾರು 6 ಮಿ.ಮೀ.ಗಿಂತ ಒತ್ತಾದ ವಿವರ ಕಣ್ಣಿಗೆ ಬಿಡಿಸಿ ಕಾಣುವುದಿಲ್ಲ, ಬೂದು ಮಸುಕಾಗುತ್ತದೆ. ಬಣ್ಣದ ಮಾದರಿಯನ್ನು ಟ್ಯೂಬ್‌ಲೈಟಿನಲ್ಲಿ ಒಪ್ಪಿಸಿಕೊಳ್ಳಬೇಡಿ. ಕೆಂಪು ಜೆಲ್ (ದೀಪದ ಮುಂದೆ ಹಾಕುವ ಬಣ್ಣದ ಹಾಳೆ) ಹಾಕಿದ ಬೆಳಕು ಬಿದ್ದರೆ ಹಸಿರು ಮರ ಕಪ್ಪಾಗುತ್ತದೆ. ಬೆಳಕಿನವರ ಜೆಲ್ ತುಂಡುಗಳನ್ನೇ ಕೇಳಿ ತನ್ನಿ.

ಫ್ಲೆಕ್ಸ್ ಮೇಲೆ ಪ್ರಿಂಟ್ ಮಾಡಿಸಬಹುದೇ ಅಂತಲೂ ಕೇಳಿದ್ದೀರಿ. ನನ್ನ ಪ್ರಕಾರ ಬೇಡ: ಸ್ಪಾಟ್‌ಲೈಟಿಗೆ ಹೊಳೆಯುತ್ತದೆ, ಮಡಚಿದ ಗೀರು ಹೋಗುವುದಿಲ್ಲ. ಪ್ರಿಂಟೇ ಆಗಬೇಕೆಂದರೆ ಹೊಳಪಿಲ್ಲದ ಬಟ್ಟೆಯ ಮೇಲೆ ಮಾಡಿಸಿ, ಮಡಚದೆ ಕೊಳವೆಗೆ ಸುತ್ತಿ ತರಿಸಿ.