ಓದುಗರ ಪ್ರಶ್ನೆ: ಮೂತಿ ಎತ್ತಿಕೊಂಡೇ ಓಡುವ ಮೋಟಾರು ದೋಣಿ

ಪ್ರಶ್ನೆ: ಮಲ್ಪೆಯಲ್ಲಿ ಓಡುತ್ತಿದ್ದ 14 ಅಡಿಯ ಫೈಬರ್ ದೋಣಿಯೊಂದನ್ನು 25 ಅಶ್ವಶಕ್ತಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಸಮೇತ ಕೊಂಡು ತಂದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ನಮ್ಮ ಮೀನುಗಾರರ ಸಂಘದ ಕೆಲಸಕ್ಕೆ ಬಳಸುತ್ತಿದ್ದೇವೆ. ಮೂವರು ಕುಳಿತರೆ ದೋಣಿ ಮೂತಿಯನ್ನು ಆಕಾಶಕ್ಕೆತ್ತಿ ನೀರನ್ನು ಉಳುತ್ತಾ ಹೋಗುತ್ತದೆಯೇ ಹೊರತು ಮೇಲೇಳುವುದಿಲ್ಲ, ಅಂದರೆ ನೀರಿನ ಮೇಲ್ಮೈಗೆ ಬಂದು ಜಾರಿಕೊಂಡು ಓಡುವುದಿಲ್ಲ. ಒಬ್ಬನೇ ಇದ್ದರೆ ಮೇಲೆದ್ದರೂ ಕುಪ್ಪಳಿಸತೊಡಗುತ್ತದೆ. ಜೋರಾಗಿ ತಿರುಗಿಸಿದಾಗ ಎಂಜಿನ್ ಒಮ್ಮೆಲೇ ಕಿರುಚಿ ದೋಣಿ ಕುಸಿಯುತ್ತದೆ. ಪೂರ್ತಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 4600 ಸುತ್ತು ಮಾತ್ರ ತಿರುಗುತ್ತಿದೆ. ಅದರ ಕೈಪಿಡಿಯಲ್ಲಿ 5000ದಿಂದ 6000 ಎಂದಿದೆ. ಎಂಜಿನ್ ಬಿಚ್ಚಿಸಬೇಕೆ?
— ಓದುಗರೊಬ್ಬರು, ಹೂಟಗಳ್ಳಿ, ಮೈಸೂರು

ಉತ್ತರ: ಸದ್ಯಕ್ಕೆ ಬಿಚ್ಚಿಸಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ಹೆಚ್ಚಿನವು ಎಂಜಿನ್ನಿನ ಒಳಗಿನವಲ್ಲ, ಅದನ್ನು ದೋಣಿಗೆ ಕೂರಿಸಿದ ರೀತಿಯವು.

ಮೊದಲು ಖರ್ಚಿಲ್ಲದ ಕೆಲಸವನ್ನು ಮಾಡಿ. ಇಂತಹ ಎಂಜಿನ್ನೇ ಸುಮಾರು 50 ಕಿಲೋ ತೂಗುತ್ತದೆ. ಅದರ ಪಕ್ಕದಲ್ಲೇ ತುಂಬಿದ 25 ಲೀಟರ್ ಪೆಟ್ರೋಲ್ ಟ್ಯಾಂಕು, ಲಂಗರು, ಹಿಡಿಕೆ ಹಿಡಿದು ಕೂರುವವರು ಎಲ್ಲ ಸೇರಿದರೆ ದೋಣಿಯ ಬೆನ್ನು ನೀರಿನಲ್ಲಿ ಹೂತು ಮೂತಿ ಏಳದೆ ಬೇರೆ ದಾರಿಯಿಲ್ಲ. ಟ್ಯಾಂಕನ್ನು, ಲಂಗರನ್ನು ಮುಂದಕ್ಕೆ ಸಾಗಿಸಿ, ಜೊತೆಯವರನ್ನು ನಡುವಿನ ಹಲಗೆಯಿಂದ ಮುಂದೆ ಕೂರಿಸಿ. ಅನಂತರ ಎಂಜಿನ್ನಿನ ಬ್ರಾಕೆಟ್ಟಿನಲ್ಲಿರುವ ಓರೆಪಿನ್ನನ್ನು, ಅಂದರೆ ಎಂಜಿನ್ ಎಷ್ಟು ಓರೆಯಾಗಿ ನಿಲ್ಲಬೇಕೆಂದು ಹೊಂದಿಸುವ ಪಿನ್ನನ್ನು, ನೋಡಿ. ಅದು ದೋಣಿಯಿಂದ ಅತ್ಯಂತ ದೂರದ, ಹೊರಗಿನ ತೂತಿನಲ್ಲಿದ್ದರೆ ಪ್ರೊಪೆಲ್ಲರ್ ನೀರನ್ನು ನೇರ ಹಿಂದಕ್ಕೆ ತಳ್ಳದೆ ದೋಣಿಯ ಬೆನ್ನನ್ನೇ ಕೆಳಕ್ಕೆ ಒತ್ತುತ್ತದೆ. ಮೂತಿ ಎತ್ತುವುದಕ್ಕೂ ಕುಪ್ಪಳಿಸುವುದಕ್ಕೂ ಮೂಲ ಬಹುತೇಕ ಇಲ್ಲಿಯೇ ಇರುತ್ತದೆ. ಒಂದೊಂದೇ ತೂತು ಒಳಕ್ಕೆ ಸರಿಸಿ ಪ್ರತಿಸಲವೂ ಓಡಿಸಿ ನೋಡಿ. ಒಳಕ್ಕೆ ಅತಿಯಾದರೆ ಮೂತಿ ನೀರಿಗೆ ಕಚ್ಚಿ ದೋಣಿ ಅತ್ತಿತ್ತ ಹೊರಳಾಡುವುದರಿಂದ, ಆ ಗುರುತು ಕಂಡೊಡನೆ ಒಂದು ತೂತು ಹಿಂದಕ್ಕೆ ಬನ್ನಿ.

ಇಷ್ಟಾದರೂ ಕುಪ್ಪಳಿಸುವುದು ನಿಲ್ಲದಿದ್ದರೆ ದೋಣಿಯನ್ನು ಮಗುಚಿ ಹಾಕಿ, ತಳದ ಕೊನೆಯ ನಾಲ್ಕೈದು ಅಡಿಗಳ ಮೇಲೆ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟು ಉಬ್ಬು ತಗ್ಗು ಪರೀಕ್ಷಿಸಿ. ಉಬ್ಬಿದ್ದರೆ ಅದು ಫೈಬರ್ ಕೆಲಸದವರ ಪಾಲು.

ತಿರುವಿನಲ್ಲಿ ಎಂಜಿನ್ ಕಿರುಚುವುದಕ್ಕೆ ಕಾರಣ, ಪ್ರೊಪೆಲ್ಲರ್ ನೀರಿನ ಬದಲು ಮೇಲಿನಿಂದ ಗಾಳಿಯನ್ನು ಎಳೆದುಕೊಳ್ಳುವುದು. ಪ್ರೊಪೆಲ್ಲರಿನ ನೇರ ಮೇಲಿರುವ ಚಪ್ಪಟೆ ತಟ್ಟೆ ಇದನ್ನು ತಡೆಯಲೆಂದೇ ಇದ್ದು, ಅದು ದೋಣಿಯ ತಳದ ಮಟ್ಟದಲ್ಲಿ, ಹೆಚ್ಚೆಂದರೆ ಒಂದು ಅಂಗುಲ ಮೇಲೆ ಇರಬೇಕು. 15 ಅಂಗುಲದ ಗಿಡ್ಡ ಕಾಲಿನ ಎಂಜಿನ್ನನ್ನು 20 ಅಂಗುಲದ ಹಿಂಗೋಡೆಗೆ ಸಿಕ್ಕಿಸಿದ ದೋಣಿಗಳೂ ಉಂಟು; ಆದ್ದರಿಂದ ಅಳತೆಪಟ್ಟಿ ಹಿಡಿದು ನೋಡಿಯೇ ಮುಂದುವರಿಯಿರಿ. ಪ್ರೊಪೆಲ್ಲರಿಗೆ ಜೊಂಡು ಸುತ್ತಿಕೊಂಡಿದ್ದರೂ, ಬೇಸಿಗೆಯಲ್ಲಿ ಕಟ್ಟೆಯ ನೀರು ನೂರಡಿಗಿಂತ ಕೆಳಗಿಳಿದಾಗ ಕಲ್ಲಿಗೆ ತಾಗಿ ಅದರ ಎಲೆ ಮುರುಟಿದ್ದರೂ ಇದೇ ರೀತಿ ಆಗುತ್ತದೆ.

ಇನ್ನು ಆ 4600 ಸುತ್ತಿನ ವಿಷಯ. ನಿಮ್ಮ ದೋಣಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರಕ್ಕೆ ಬಂದಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಎತ್ತರ ಏರಿದಂತೆ ಗಾಳಿ ತೆಳುವಾಗುವುದರಿಂದ ಸಾಧಾರಣ ಎಂಜಿನ್ ಪ್ರತಿ 300 ಮೀಟರಿಗೆ ಶೇಕಡಾ 3ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮಲ್ಪೆಯಲ್ಲಿ 25 ಅಶ್ವಶಕ್ತಿ ಕೊಡುತ್ತಿದ್ದದ್ದು ಇಲ್ಲಿ 23ರ ಆಸುಪಾಸಿನಲ್ಲಿದೆ. ಸಾಲದ್ದಕ್ಕೆ, ಉಪ್ಪುನೀರಿಗಿಂತ ಕಾವೇರಿಯ ಸಿಹಿನೀರು ಹಗುರವಾದ್ದರಿಂದ ದೋಣಿ ಕೂದಲೆಳೆಯಷ್ಟು ಹೆಚ್ಚು ಮುಳುಗಿಯೂ ಇರುತ್ತದೆ, ಆದರೆ ಇದು ಗಣನೆಗೆ ಬಾರದ್ದು. ಸಮುದ್ರಕ್ಕೆ ಹೊಂದಿಸಿದ ಪ್ರೊಪೆಲ್ಲರ್ ಇಲ್ಲಿ ಎಂಜಿನ್ನಿಗೆ ಭಾರವಾಗುತ್ತದೆ. ಏರುದಾರಿಯಲ್ಲಿ ಟಾಪ್ ಗೇರಿನಲ್ಲೇ ಹೋಗುವ ಬೈಕಿನ ಸ್ಥಿತಿ ಅದು. ಪ್ರೊಪೆಲ್ಲರಿನ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳಿದ್ದು, ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ಲೆಕ್ಕದ ದೂರ. ಪಿಚ್ ಒಂದು ಅಂಗುಲ ಇಳಿದರೆ 150ರಿಂದ 200 ಸುತ್ತು ಏರುತ್ತದೆ. ತೂಕ, ಪಿನ್ನು, ಎಂಜಿನ್ ಕೂರಿಸಿದ ಎತ್ತರ ಮೂರನ್ನೂ ಸರಿಪಡಿಸಿದ ಮೇಲೆ ನಿತ್ಯದ ಭಾರದಲ್ಲಿಯೇ ಮತ್ತೆ ಅಳೆಯಿರಿ; ಆಗಲೂ 4600ರ ಹತ್ತಿರವೇ ಇದ್ದರೆ ಎರಡರಿಂದ ಮೂರು ಅಂಗುಲ ಕಡಿಮೆ ಪಿಚ್ಚಿನದನ್ನು ಕೊಳ್ಳಿ. ಗರಿಷ್ಠ ವೇಗ ಹೆಚ್ಚಲಿಕ್ಕಿಲ್ಲ, ಆದರೆ ಮೂವರೊಂದಿಗೆ ಮೇಲೇಳುವುದು ಸುಲಭವಾಗುತ್ತದೆ. ಊರಿನ ಎತ್ತರಕ್ಕೆ ತಕ್ಕ ಕಾರ್ಬುರೇಟರ್ ಜೆಟ್ಟನ್ನೂ (ಪೆಟ್ರೋಲ್ ಹರಿಯುವ ಪುಟ್ಟ ರಂಧ್ರದ ತುಂಡು) ಮೆಕ್ಯಾನಿಕ್ಕರಲ್ಲಿ ವಿಚಾರಿಸಿ.

ತಟ್ಟೆಗೆ ಬಿಗಿಯುವ ಪ್ಲಾಸ್ಟಿಕ್ ರೆಕ್ಕೆಗಳನ್ನು ಕೊಳ್ಳುವಂತೆ ಹಲವರು ಸಲಹೆ ಕೊಡುತ್ತಾರೆ. ಅವುಗಳಿಂದ ಒಂದಿಷ್ಟು ಉಪಯೋಗ ಇಲ್ಲದಿಲ್ಲ, ಆದರೂ ಮೇಲಿನವನ್ನೆಲ್ಲ ಮಾಡದೆ ರೆಕ್ಕೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆಯ ಓಟಗಳಲ್ಲಿ ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಬೇಕು, ಎಂಜಿನ್ ನಿಲ್ಲಿಸುವ ಸುರುಳಿ ಹಗ್ಗ ಓಡಿಸುವವರ ಮಣಿಕಟ್ಟಿನಲ್ಲಿರಬೇಕು.

ಪ್ರಶ್ನೆ: ನಮ್ಮ ಪುಟ್ಟ ದೋಣಿ ವೇಗ ಹೆಚ್ಚಿದಂತೆ ಬಲಕ್ಕೇ ಎಳೆಯುತ್ತದೆ, ಹಿಡಿಕೆ ಹಿಡಿದು ಕೈ ಸೋಲುತ್ತದೆ.
— ಓದುಗರೊಬ್ಬರು, ಪಾಂಡವಪುರ

ಉತ್ತರ: ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುವುದರಿಂದ ಈ ಎಳೆತ ಸಹಜ. ಎಂಜಿನ್ ಹಿಂಗೋಡೆಯ ನಟ್ಟನಡುವೆ ಇದೆಯೇ, ಒಂದೇ ಬದಿಗೆ ಭಾರ ಬಿದ್ದಿದೆಯೇ ಎಂದು ಮೊದಲು ನೋಡಿ. ಆಮೇಲೆ ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಟ್ಟೆಯ ಅಡಿಯಲ್ಲಿ, ಪ್ರೊಪೆಲ್ಲರಿನ ಹಿಂದೆ ಮೀನಿನ ರೆಕ್ಕೆಯಂತಿರುವ ಸಣ್ಣ ತುಂಡಿನ ಬೋಲ್ಟನ್ನು ಸಡಿಲಿಸಿ, ಅದರ ಹಿಂತುದಿಯನ್ನು ದೋಣಿ ಎಳೆಯುವ ದಿಕ್ಕಿಗೇ, ಎಂದರೆ ಬಲಕ್ಕೆ, ಸ್ವಲ್ಪ ತಿರುಗಿಸಿ ಬಿಗಿಯಿರಿ. ಕೇಳಲು ತಿರುಗುಮುರುಗು ಎನಿಸಿದರೂ ಕ್ರಮ ಇದೇ. ಒಂದೇ ಸಲಕ್ಕೆ ಹೆಚ್ಚು ತಿರುಗಿಸಬೇಡಿ. ಹಲವು ಎಂಜಿನ್ನುಗಳಲ್ಲಿ ಈ ತುಂಡು ತುಕ್ಕಿನಿಂದ ಲೋಹವನ್ನು ಕಾಯುವ ಸತುವಿನದಾಗಿರುವುದರಿಂದ, ದೋಣಿಗೆ ಬಣ್ಣ ಹೊಡೆಯುವಾಗ ಇದಕ್ಕೆ ಬಣ್ಣ ತಾಗಿಸಬೇಡಿ.