ನಾನು ಕೆಲಸ ಮಾಡುವ ಯಹೂದಿ ಮನೆಯಲ್ಲಿ ಪೆಸಾಖ್ ಹಬ್ಬದ ಸೂಪಿಗೆ ಮತ್ಸಾ (ಹುಳಿ ಬರಿಸದ ತೆಳು ರೊಟ್ಟಿ) ಪುಡಿಯ ಉಂಡೆ ಮಾಡುತ್ತಿದ್ದೇನೆ, ನೀರಲ್ಲಿ ಒಡೆಯುತ್ತಿದೆ, ಅಂಟು ಬರಲು ಒಂದು ಚಮಚ ಮೈದಾ ಸೇರಿಸಬಹುದೇ?

ಬೇಡ. ನಿಮ್ಮ ಕೋಣೆಯಲ್ಲಿ ಮೈದಾ ಪೊಟ್ಟಣ ಇದ್ದರೆ ಅದು ಅಡುಗೆಮನೆಯ ಹೊಸ್ತಿಲು ದಾಟದಿರಲಿ.

ನೀವು ಕೇಳಿ ಮಾಡುತ್ತಿದ್ದೀರಿ, ನಾನು ಕೇಳದೇ ಮಾಡಿದೆ. ಇಸ್ರೇಲಿನ ಹೈಫಾದಲ್ಲಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ, ನನ್ನ ಮೊದಲ ಪೆಸಾಖ್, ಸಂಜೆಗೆ ಸೇಡರ್, ಅಂದರೆ ಹಬ್ಬದ ಮೊದಲ ರಾತ್ರಿಯ ಊಟ. ಕಲಸಿದ್ದು ತೆಳ್ಳಗೆ ಕಂಡಿತು, ನನ್ನ ಡಬ್ಬಿಯಿಂದ ಎರಡು ಚಮಚ ಮೈದಾ ಹಾಕಿದೆ. ಉಂಡೆಗಳು ಚೆನ್ನಾಗಿಯೇ ನಿಂತವು. ಅಜ್ಜಿಯ ಮಗಳು ಬಂದು ಏನೇನು ಹಾಕಿದೆ ಎಂದು ಕೇಳಿದರು, ಹೇಳಿದೆ. ಉಂಡೆ ಬೇಯಿಸಿದ್ದು ಸೂಪಿನಲ್ಲೇ ಆದ್ದರಿಂದ ಸೂಪು ಪೂರ್ತಿ ಚೆಲ್ಲಿದೆವು. ಪಾತ್ರೆ, ಸೌಟು, ಬಟ್ಟಲು ಹಬ್ಬ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಸೇಡರಿಗೆ ಸೂಪೇ ಇರಲಿಲ್ಲ.

ಮತ್ಸಾ ಕೂಡ ಗೋಧಿಯದ್ದೇ, ಮೈದಾ ಕೂಡ ಗೋಧಿಯದ್ದೇ, ಇದರಲ್ಲೇನು ಎಂದುಕೊಂಡಿದ್ದೆ. ತಪ್ಪು ಅಲ್ಲೇ ಇದ್ದದ್ದು. ಪೆಸಾಖಿನಲ್ಲಿ ನಿಷೇಧ ಇರುವುದು ಗೋಧಿಗಲ್ಲ, ಹುಳಿ ಬಂದ ಗೋಧಿಗೆ. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್, ಈ ಐದು ಧಾನ್ಯಗಳ ಹಿಟ್ಟಿಗೆ ನೀರು ತಾಗಿ 18 ನಿಮಿಷ ಸುಮ್ಮನೆ ಕೂತರೆ ಅದು ಹಮೇತ್ಸ್, ಅಂದರೆ ಹುಳಿ ಬಂದದ್ದು, ಹಬ್ಬಕ್ಕೆ ನಿಷಿದ್ಧ. ಮತ್ಸಾವನ್ನು ಆ 18 ನಿಮಿಷದೊಳಗೇ ಕಲಸಿ, ಲಟ್ಟಿಸಿ, ಸುಟ್ಟು ತೆಗೆದಿರುತ್ತಾರೆ. ಒಮ್ಮೆ ಪೂರ್ತಿ ಬೆಂದ ಹಿಟ್ಟು ಮತ್ತೆ ಹುಳಿ ಬರುವುದಿಲ್ಲ, ಹಾಗಾಗಿ ಅದರ ಪುಡಿಯನ್ನು ಎಷ್ಟು ಹೊತ್ತು ನೆನೆಸಿದರೂ ನಡೆಯುತ್ತದೆ. ಮೈದಾ ಹಸಿ ಹಿಟ್ಟು. ಯೀಸ್ಟ್ ಹಾಕಿಲ್ಲ ಎಂಬ ಮಾತು ಲೆಕ್ಕಕ್ಕೆ ಬರುವುದಿಲ್ಲ. ಬೇರೆ ದಿನಗಳಲ್ಲಿ ನಿಷಿದ್ಧವಾದದ್ದು ಅಕಸ್ಮಾತ್ ಬೆರೆತರೆ, ಅದರ 60 ಪಟ್ಟು ಬೇರೆ ಪದಾರ್ಥ ಇದ್ದಾಗ ವಿನಾಯಿತಿ ಉಂಟು. ಹಬ್ಬದೊಳಗೆ ಹಮೇತ್ಸಿಗೆ ಆ ವಿನಾಯಿತಿಯೂ ಇಲ್ಲ. ಒಂದು ಚಮಚವೂ ಒಂದೇ, ಒಂದು ಚಿಟಿಕೆಯೂ ಒಂದೇ.

ಚಿಟಿಕೆ ಎಂದಾಗ ಹಿಂಗು ನೆನಪಾಯಿತು. ನಮ್ಮ ಅಂಗಡಿ ಹಿಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಅದೂ ಬೇಡ. ಮೈದಾ ಬದಲು ಅಕ್ಕಿಹಿಟ್ಟು ಹಾಕುವ ಯೋಚನೆ ಬಂದಿದ್ದರೆ ಅದನ್ನೂ ಬಿಡಿ. ಪೋಲೆಂಡ್, ರಷ್ಯಾ, ರೊಮೇನಿಯಾ ಕಡೆಯಿಂದ ಬಂದ ಅಶ್ಕೆನಾಜಿ ಯಹೂದಿಗಳ ಮನೆಗಳಲ್ಲಿ ಅಕ್ಕಿ, ಬೇಳೆ, ಜೋಳ ಎಲ್ಲ ಕಿಟ್ನಿಯೋತ್ (ಹಬ್ಬದಲ್ಲಿ ಬಿಡುವ ಕಾಳುಗಳು) ಎಂದು ದೂರ. ಇರಾಕಿ ಮನೆಗಳಲ್ಲಿ ಅಕ್ಕಿಯನ್ನು ಮೂರು ಸಲ ಆರಿಸಿ ಉಣ್ಣುತ್ತಾರೆ, ಆದರೆ ಈ ಉಂಡೆ ಕೇಳುವ ಅಜ್ಜಿ ಬಹುಮಟ್ಟಿಗೆ ಅಶ್ಕೆನಾಜಿಯೇ.

ಇನ್ನು ನಿಮ್ಮ ಉಂಡೆ. ಅಂಟು ಸಾಲದೆ ಒಡೆಯುತ್ತಿದೆ ಎನ್ನುತ್ತೀರಿ, ಹಾಗಲ್ಲ. ನೆನೆಯಲು ಬಿಡದೆ ಒಡೆಯುತ್ತಿದೆ. ಮತ್ಸಾ ಪುಡಿ ರವೆಯ ಹಾಗೆ, ಕಲಸಿದ ಕೂಡಲೇ ನೀರಾಗಿಯೇ ಕಾಣುತ್ತದೆ. ರವೆ ಇಡ್ಲಿಯ ಹಿಟ್ಟನ್ನು ಬಿಟ್ಟ ಹಾಗೆ ಬಿಡಬೇಕು. 4 ದೊಡ್ಡ ಮೊಟ್ಟೆ (ಒಂದೊಂದನ್ನೂ ಬೇರೆ ಲೋಟಕ್ಕೆ ಒಡೆಯಿರಿ, ರಕ್ತದ ಚುಕ್ಕೆ ಇದ್ದದ್ದು ಆ ಮನೆಗಳಲ್ಲಿ ನಡೆಯುವುದಿಲ್ಲ), ಕಾಲು ಕಪ್ ಎಣ್ಣೆ ಅಥವಾ ಕರಗಿಸಿದ ಕೋಳಿ ಕೊಬ್ಬು, ಕಾಲು ಕಪ್ ತಣ್ಣಗಿನ ಸೂಪು, ಒಂದು ಟೀ ಚಮಚ ಉಪ್ಪು, ಸ್ವಲ್ಪ ಕರಿಮೆಣಸಿನ ಪುಡಿ. ಇವನ್ನು ಕದಡಿ 1 ಕಪ್, ಅಂದರೆ ಸುಮಾರು 120 ಗ್ರಾಂ ಪುಡಿ ಹಾಕಿ, ಪುಡಿ ಒದ್ದೆಯಾಗುವಷ್ಟು ಮಾತ್ರ ಕಲಸಿ. ಬೆಣ್ಣೆ ಖಂಡಿತ ಬೇಡ, ಕೋಳಿ ಸೂಪಿಗೆ ಹಾಲಿನ ಪದಾರ್ಥ ಸೇರಬಾರದು. ಪುಡಿಯ ಪೊಟ್ಟಣದ ಮೇಲೆ ‘ಕಶೇರ್ ಲೆ ಪೆಸಾಖ್’ (ಪೆಸಾಖಿಗೆ ಸಲ್ಲುವುದು) ಎಂದಿದೆಯೇ ಎಂದು ಮನೆಯವರಿಗೇ ತೋರಿಸಿ, ವರ್ಷವಿಡೀ ಬಳಸಲು ಮಾಡಿದ ಮತ್ಸಾ ಬೇರೆ ಇರುತ್ತದೆ.

ಮುಚ್ಚಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಿ. 20 ನಿಮಿಷ ಸಾಕು ಎನ್ನುವವರಿದ್ದಾರೆ, ಹೊಸಬರಿಗೆ ಸಾಲದು. ಹೊರತೆಗೆದಾಗ ಹಿಟ್ಟು ತಾನಾಗಿ ಗಟ್ಟಿಯಾಗಿರುತ್ತದೆ. ಆಗಲೂ ಸಡಿಲ ಇದ್ದರೆ ಅದೇ ಮತ್ಸಾ ಪುಡಿ ಒಂದು ಚಮಚ ಹಾಕಿ ಇನ್ನೂ 20 ನಿಮಿಷ ಬಿಡಿ.

ಕೈ ಒದ್ದೆ ಮಾಡಿಕೊಂಡು ಸಣ್ಣ ಲಿಂಬೆ ಗಾತ್ರದ 16ರಿಂದ 18 ಉಂಡೆ ಮಾಡಿ. ಪುಂಡಿ ಕಟ್ಟುವ ಹಾಗೆ ಅದುಮಬೇಡಿ, ನಮ್ಮ ಕಡೆಯವರ ಕೈ ಅಲ್ಲೇ ಕೆಡುವುದು. ಅದುಮಿದರೆ ಒಳಗೆ ನೀರು ಇಳಿಯದೆ ನಡುವೆ ಕಲ್ಲು ಉಳಿಯುತ್ತದೆ. ಅಗಲ ಪಾತ್ರೆಯಲ್ಲಿ 3 ಲೀಟರ್ ಉಪ್ಪುನೀರು ಕುದಿಸಿ, ಉಂಡೆ ಬಿಟ್ಟು, ಉರಿ ಇಳಿಸಿ. ನೀರು ಮೆಲ್ಲನೆ ಮಿಸುಕುತ್ತಿದ್ದರೆ ಸಾಕು, ಕೊತಕೊತ ಕುದಿದರೆ ಸರಿಯಾಗಿ ನೆನೆದ ಉಂಡೆಯೂ ಒಡೆಯುತ್ತದೆ. 40 ನಿಮಿಷ ಮುಚ್ಚಳ ತೆರೆಯಬೇಡಿ. ಉಂಡೆ ತೇಲುತ್ತಾ ಎರಡು ಪಟ್ಟು ಉಬ್ಬುತ್ತದೆ, ಮೇಲಿನ ಅರ್ಧ ಬೇಯುವುದು ಆವಿಯಲ್ಲಿ. ಆಮೇಲೆ ಒಂದನ್ನು ಕತ್ತರಿಸಿ ನೋಡಿ: ನಡುವೆ ಗಾಢ ಬಣ್ಣದ ಚುಕ್ಕೆ ಕಂಡರೆ ಇನ್ನೂ 10 ನಿಮಿಷ.

ಸೂಪಿನಲ್ಲೇ ಬೇಯಿಸಿದರೆ ರುಚಿ ಹೆಚ್ಚು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಉಂಡೆ ಸೂಪನ್ನೆಲ್ಲ ಹೀರುತ್ತದೆ, ಉಳಿದದ್ದು ಮಂಜಾಗುತ್ತದೆ. ಸೂಪಿಗೆ ಉಪ್ಪು ಕೊನೆಯಲ್ಲಿ ಹಾಕಿ, ಕಶೇರ್ (ಯಹೂದಿ ನಿಯಮಕ್ಕೆ ಸಲ್ಲುವ) ಕೋಳಿಯನ್ನು ಮೊದಲೇ ಒಂದು ಗಂಟೆ ಉಪ್ಪಿನಲ್ಲಿಟ್ಟು ತೊಳೆದಿರುತ್ತಾರೆ.

ಇದೆಲ್ಲಕ್ಕಿಂತ ಮೊದಲು ಮನೆಯವರನ್ನು ಒಂದು ಮಾತು ಕೇಳಿ. ಹಸಿದಿಕ್ ಎಂಬ ಕಟ್ಟುನಿಟ್ಟಿನ ಯಹೂದಿ ಪಂಥದ ಕೆಲವು ಮನೆಗಳಲ್ಲಿ ಹಬ್ಬದ ದಿನಗಳಲ್ಲಿ ಮತ್ಸಾವನ್ನು ಒದ್ದೆ ಮಾಡುವುದೇ ಇಲ್ಲ. ಅಲ್ಲಿ ಈ ಉಂಡೆಯೇ ಬೇಡ.

ಸೇಡರಿನಲ್ಲಿ ಹಬ್ಬದ ಕಥೆಯ ಓದು ಮುಗಿದು ಊಟಕ್ಕೆ ಬರುವಾಗ ತಡವಾಗುತ್ತದೆ. ಉಂಡೆಗಳನ್ನು ಮಧ್ಯಾಹ್ನವೇ ಬೇಯಿಸಿ, ಜಾಲರಿ ಸೌಟಿನಲ್ಲಿ ತೆಗೆದು, ಒಂದರ ಮೇಲೊಂದು ಬೀಳದ ಹಾಗೆ ತಟ್ಟೆಯಲ್ಲಿ ಮುಚ್ಚಿಡಿ. ಬಡಿಸುವ 10 ನಿಮಿಷ ಮೊದಲು ಬಿಸಿ ಸೂಪಿಗೆ ಇಳಿಸಿ, ಒಬ್ಬರಿಗೆ ಎರಡು.