ಒಂದೇ ವೈರಿನಲ್ಲಿ ಫೋನೂ ನೆಟ್ಟೂ

ಪ್ರಶ್ನೆ: ನಮ್ಮದು ಹದಿನೈದು ಜನರ ಆಫೀಸು. ಹಿಂದೆ ವೈರಿಂಗ್ ಮಾಡಿದವರು ಪ್ರತಿ ಟೇಬಲ್ಲಿಗೂ ಒಂದೇ ಕೇಬಲ್ ಎಳೆದು ಅದರಲ್ಲೇ ಇಂಟರ್‌ಕಾಮ್, ಕಂಪ್ಯೂಟರ್ ಎರಡನ್ನೂ ಕೊಟ್ಟಿದ್ದಾರೆ. ಈಗ ಗಿಗಾಬಿಟ್ ಸ್ವಿಚ್ (ಎಲ್ಲ ಕಂಪ್ಯೂಟರಿನ ವೈರು ಬಂದು ಸೇರುವ, 1000 ಎಂಬಿಪಿಎಸ್ ವೇಗದ ಪೆಟ್ಟಿಗೆ) ಹಾಕಿಸಿದರೆ ಕೆಲವು ಕಂಪ್ಯೂಟರಿಗೆ ನೆಟ್ಟೇ ಇಲ್ಲ, ಉಳಿದವು ಮೊದಲಿನಷ್ಟೇ ನಿಧಾನ. ಸ್ವಿಚ್ ಕೆಟ್ಟಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪಾಪ, ಸ್ವಿಚ್ಚಿನ ತಪ್ಪೇನೂ ಇಲ್ಲ. ಆ ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. ಹಳೆಯ 100 ಎಂಬಿಪಿಎಸ್ ನೆಟ್‌ವರ್ಕಿಗೆ ಎರಡೇ ಜೋಡಿ ಸಾಕಿತ್ತು, ಹಾಗಾಗಿ ಮಿಕ್ಕಿದ್ದರಲ್ಲಿ ಒಂದನ್ನು, ಸಾಮಾನ್ಯವಾಗಿ ನೀಲಿ ಜೋಡಿಯನ್ನು, ಫೋನಿಗೆ ಎಳೆದುಕೊಳ್ಳುತ್ತಿದ್ದರು. ದುಡ್ಡು ಉಳಿಸುವ ಜಾಣತನ, ಆಗ ತಪ್ಪೂ ಅಲ್ಲ. ಆದರೆ ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಅದು ಸಿಗದಿದ್ದಾಗ ಕೆಲವು ಕಂಪ್ಯೂಟರ್ ತಾವಾಗಿಯೇ 100ಕ್ಕೆ ಇಳಿಯುತ್ತವೆ, ಕೆಲವು ಸುಮ್ನೆ ಕೂತುಬಿಡುತ್ತವೆ.

ಗೋಡೆ ಒಡೆದು ಹೊಸ ಕೇಬಲ್ ಎಳೆಯುವುದಕ್ಕಿಂತ ಐಪಿ ಫೋನ್, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನಲ್ಲೇ ಮಾತು ಸಾಗಿಸುವ ಫೋನ್, ಹಾಕಿಸಿ ಅನ್ನುತ್ತೇನೆ. ನಾಲ್ಕೂ ಜೋಡಿ ನೆಟ್ಟಿಗೇ ಹೋಗಲಿ. ಫೋನಿನ ಹಿಂದೆ ಎರಡು ಪೋರ್ಟ್ ಇರುವ ಮಾಡೆಲ್ ತಗೊಳ್ಳಿ: ಒಂದಕ್ಕೆ ಗೋಡೆಯ ವೈರು, ಇನ್ನೊಂದರಿಂದ ಕಂಪ್ಯೂಟರಿಗೆ. ಆ ಪೋರ್ಟೂ ಗಿಗಾಬಿಟ್ ಇರಬೇಕು, ಇಲ್ಲದಿದ್ದರೆ ಮತ್ತೆ 100ಕ್ಕೇ ಬರುತ್ತೀರಿ, ಅಗ್ಗದ ಫೋನುಗಳಲ್ಲಿ ಇದನ್ನೇ ಕಡಿಮೆ ಮಾಡಿರುತ್ತಾರೆ. ನಿಮ್ಮ ಸ್ವಿಚ್ಚಿನಲ್ಲಿ ಪಿಒಇ ಇದ್ದರೆ ಫೋನಿಗೆ ಕರೆಂಟೂ ಅದೇ ವೈರಿನಲ್ಲಿ ಬರುತ್ತದೆ, ಇಲ್ಲದಿದ್ದರೆ ಪ್ರತಿ ಫೋನಿಗೂ ಅಡಾಪ್ಟರ್ ಬೇಕು. ಈಗಿರುವ ಲ್ಯಾಂಡ್‌ಲೈನ್ ನಂಬರ್ ಬಿಡಬೇಕಾಗಿಲ್ಲ, ಎಫ್‌ಎಕ್ಸ್‌ಒ ಪೋರ್ಟ್ (ಲ್ಯಾಂಡ್‌ಲೈನ್ ತಂತಿ ಸಿಕ್ಕಿಸುವ ಜಾಗ) ಇರುವ ಗೇಟ್‌ವೇ ಪೆಟ್ಟಿಗೆ ಹಾಕಿದರೆ ಅದೂ ಇದಕ್ಕೇ ಸೇರಿಕೊಳ್ಳುತ್ತದೆ.

ನೆಟ್‌ವರ್ಕಿಗೆ ಭಾರ ಆಗುತ್ತದಾ ಅಂತ ಹೆದರಬೇಡಿ. ಜಿ.711 ಎಂಬ ಮಾಮೂಲಿ ಕೋಡೆಕ್‌ನಲ್ಲಿ (ಮಾತನ್ನು ಡಿಜಿಟಲ್ ಮಾಡುವ ವಿಧಾನ) ಒಂದು ಕರೆಗೆ ಒಂದು ದಿಕ್ಕಿನಲ್ಲಿ ಸುಮಾರು 100 ಕೆಬಿಪಿಎಸ್, ಹದಿನೈದು ಜನ ಒಟ್ಟಿಗೆ ಮಾತಾಡಿದರೂ ಒಂದೂವರೆ ಎಂಬಿಪಿಎಸ್, ಅಷ್ಟೇ ಅಲ್ವಾ. ತೊಂದರೆ ಬರುವುದು ಹೊರಗಿನ ಕರೆ ಇಂಟರ್ನೆಟ್ ಮೂಲಕ ಹೋಗುವಾಗ: ಯಾರೋ ದೊಡ್ಡ ಫೈಲ್ ಕಳಿಸಲು ಕೂತರೆ ಮಾತು ಮುರಿದು ಮುರಿದು ಕೇಳುತ್ತದೆ. ಫೋನುಗಳಿಗೆ ಬೇರೆ ವಿಲ್ಯಾನ್ (ಅದೇ ವೈರಿನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿಸಿ, ರೂಟರಿನಲ್ಲಿ ಧ್ವನಿಗೆ ಮೊದಲ ದಾರಿ ಬಿಡಿಸಿ. ಯುಪಿಎಸ್ ಮರೆಯಬೇಡಿ, ಸ್ವಿಚ್ ಆರಿದರೆ ಎಲ್ಲ ಫೋನೂ ಆರುತ್ತವೆ.

ಕೆಲಸ ಶುರು ಮಾಡುವ ದಿನ ಮೊದಲು ಆ ನೀಲಿ ಜೋಡಿಯನ್ನು ಹಳೆಯ ಇಂಟರ್‌ಕಾಮ್ ಪೆಟ್ಟಿಗೆಯಿಂದ ಬಿಚ್ಚಿಸಿ. ಗಂಟೆ ಹೊಡೆಯುವಾಗ ಅದರಲ್ಲಿ ಸುಮಾರು 75 ವೋಲ್ಟ್ ಹರಿಯುತ್ತದೆ. ಹಾಗೇ ಸ್ವಿಚ್ಚಿಗೆ ಸಿಕ್ಕಿಸಿದರೆ ಹೊಸ ಪೋರ್ಟ್ ಸುಟ್ಟುಹೋದೀತು.